ಕಲಾ ದಿನಚರಿ

ಕಲಾ ದಿನಚರಿಯು ಬರಹ, ರೇಖೆ, ಬಣ್ಣ ಮತ್ತು ಅಂಟಿಸಿದ ಕಾಗದದ ತುಣುಕುಗಳನ್ನು ಒಂದೇ ಪುಟದಲ್ಲಿ ಸೇರಿಸಿ ವ್ಯಕ್ತಿಯೊಬ್ಬರು ತಮಗಾಗಿ ಇರಿಸಿಕೊಳ್ಳುವ ಪುಸ್ತಕ. ಇದನ್ನು ಆರ್ಟ್ ಜರ್ನಲ್ ಎಂಬ ಹೆಸರಿನಿಂದಲೂ ಕರೆಯಲಾಗುತ್ತದೆ. ಸಾಮಾನ್ಯ ದಿನಚರಿಯಲ್ಲಿ ಬರಹವೂ ಚಿತ್ರಕಾರರ ಅಭ್ಯಾಸ ಪುಸ್ತಕದಲ್ಲಿ ಚಿತ್ರವೂ ಪ್ರಧಾನವಾಗಿರುತ್ತವೆ. ಕಲಾ ದಿನಚರಿಯಲ್ಲಿ ಇವೆರಡೂ ಒಂದನ್ನೊಂದು ಪೂರೈಸುತ್ತವೆ. ಚುಕ್ಕಿ, ಗೆರೆ, ಅಲೆ, ಚೌಕುಳಿ, ಬಳ್ಳಿ ಮುಂತಾದ ಸರಳ ವಿನ್ಯಾಸಗಳು ಹಾಗೂ ಬರೆಯುವವರಿಗೆ ಸ್ಫೂರ್ತಿ ನೀಡುವ ಆಯ್ದ ಪದಗಳು ಇದರ ಪುಟಗಳಲ್ಲಿ ಹೆಚ್ಚಾಗಿ ಕಂಡುಬರುವ ಎರಡು ಅಂಶಗಳಾಗಿವೆ.

ಚಿತ್ರ ಬಿಡಿಸಲು ತಮಗೆ ಬಾರದು ಎಂದು ನಂಬಿದವರೂ ಕಲಾ ದಿನಚರಿಯನ್ನು ಇರಿಸಿಕೊಳ್ಳಬಹುದು. ವಿನ್ಯಾಸ ರಚನೆಗೆ ವಸ್ತುವಿನ ಹೋಲಿಕೆಯನ್ನು ಹಿಡಿಯುವ ಕೌಶಲ ಬೇಕಿಲ್ಲ. ಒಂದು ಚಿಕ್ಕ ಗುರುತನ್ನು ತಾಳ್ಮೆಯಿಂದ ಪುನರಾವರ್ತಿಸಿದರೆ ಸಾಕು. ಪದದ ವಿಷಯದಲ್ಲಿ ಹೀಗಲ್ಲ. ಎಲ್ಲಿಂದಲೋ ನಕಲು ಮಾಡಿದ ಸುಂದರ ವಾಕ್ಯಕ್ಕಿಂತ ಬರೆಯುವವರು ತಾವೇ ನಂಬುವ ಸಣ್ಣ ಪದ ಪುಟದಲ್ಲಿ ಹೆಚ್ಚು ಕಾಲ ಅರ್ಥಪೂರ್ಣವಾಗಿ ಉಳಿಯುತ್ತದೆ.

## ಸ್ವರೂಪ

ಕಲಾ ದಿನಚರಿಗೆ ನಿಗದಿತ ಅಳತೆ, ಕ್ರಮ ಅಥವಾ ನಿಯಮಗಳಿಲ್ಲ. ಕೆಲವರು ಪ್ರತಿದಿನ ಒಂದು ಪುಟವನ್ನು ತುಂಬಿಸಿದರೆ, ಕೆಲವರು ವಾರಕ್ಕೊಮ್ಮೆ ಅಥವಾ ಮನಸ್ಸಾದಾಗ ಮಾತ್ರ ಅದನ್ನು ತೆರೆಯುತ್ತಾರೆ. ಪುಟದಲ್ಲಿ ದಿನದ ಘಟನೆ, ಮನಃಸ್ಥಿತಿ, ಪ್ರಯಾಣದ ಟಿಕೆಟ್, ಒಣಗಿದ ಎಲೆ, ಓದಿದ ಪುಸ್ತಕದ ಹೆಸರು, ಬಣ್ಣದ ಪ್ರಯೋಗ ಹೀಗೆ ಯಾವುದೂ ಇರಬಹುದು.

ಇದನ್ನು ಹೋಲುವ ಇತರ ಪುಸ್ತಕಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಉದ್ದೇಶದಲ್ಲಿದೆ. ಸ್ಕ್ರ್ಯಾಪ್‌ಬುಕ್ ಛಾಯಾಚಿತ್ರ ಮತ್ತು ನೆನಪಿನ ವಸ್ತುಗಳನ್ನು ಕಾಪಾಡಲು ಮೀಸಲಾದುದು. ಅಮೆರಿಕದ ರೈಡರ್ ಕ್ಯಾರೊಲ್ 2013ರಲ್ಲಿ ಪರಿಚಯಿಸಿದ ಬುಲೆಟ್ ಜರ್ನಲ್ ಕೆಲಸಗಳ ಪಟ್ಟಿಯನ್ನು ನಿರ್ವಹಿಸುವ ಪದ್ಧತಿ. ಚಿತ್ರಕಾರರ ಅಭ್ಯಾಸ ಪುಸ್ತಕವು ಮುಂದೆ ರಚಿಸಲಿರುವ ಕೃತಿಗೆ ಸಿದ್ಧತೆ. ಕಲಾ ದಿನಚರಿಯ ಪುಟವಾದರೋ ಮತ್ತೊಂದಕ್ಕೆ ಸಿದ್ಧತೆಯಲ್ಲ. ಅದನ್ನು ರಚಿಸುವ ಹೊತ್ತೇ ಅದರ ಉದ್ದೇಶ.

## ಇತಿಹಾಸ

### ಹಸ್ತಪ್ರತಿಗಳು ಮತ್ತು ಸಂಗ್ರಹ ಪುಸ್ತಕಗಳು

ಅಕ್ಷರವನ್ನೂ ಅಲಂಕಾರವನ್ನೂ ಒಂದೇ ಪುಟದಲ್ಲಿ ಹೆಣೆಯುವ ರೂಢಿ ಪ್ರಾಚೀನವಾದುದು. ಕ್ರಿ.ಶ. 800ರ ಸುಮಾರಿಗೆ ರಚನೆಯಾದ, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಬುಕ್ ಆಫ್ ಕೆಲ್ಸ್ ಹಸ್ತಪ್ರತಿಯಲ್ಲಿ ದೊಡ್ಡ ಅಕ್ಷರಗಳ ಒಳಗೂ ಸುತ್ತಲೂ ಗಂಟು, ಸುರುಳಿ ಮತ್ತು ಹೆಣಿಗೆಯ ವಿನ್ಯಾಸಗಳನ್ನು ತುಂಬಲಾಗಿದೆ. ಇಂತಹ ಹಸ್ತಪ್ರತಿಗಳು ಧಾರ್ಮಿಕ ಬಳಕೆಯವು, ಖಾಸಗಿ ಪುಸ್ತಕಗಳಲ್ಲ. ಆದರೂ ಅಕ್ಷರವನ್ನೇ ಚಿತ್ರವಾಗಿ ಕಾಣುವ ದೃಷ್ಟಿ ಇಲ್ಲಿ ಸ್ಪಷ್ಟವಾಗಿದೆ.

ಯುರೋಪಿನಲ್ಲಿ ಓದುಗರು ತಮಗೆ ಮೆಚ್ಚುಗೆಯಾದ ಮಾತುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ ಸಂಗ್ರಹ ಪುಸ್ತಕಗಳು ಈ ರೂಢಿಯ ಇನ್ನೊಂದು ಮೂಲ. ತತ್ತ್ವಜ್ಞಾನಿ ಜಾನ್ ಲಾಕ್ ಇಂತಹ ಪುಸ್ತಕಗಳಿಗೆ ವಿಷಯಸೂಚಿ ಸಿದ್ಧಪಡಿಸುವ ಒಂದು ಪದ್ಧತಿಯನ್ನೇ ರೂಪಿಸಿದ್ದನು. ಅದರ ಇಂಗ್ಲಿಷ್ ಆವೃತ್ತಿ 1706ರಲ್ಲಿ ಪ್ರಕಟವಾಯಿತು. ಹದಿನಾರನೆಯ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಗೆಳೆಯರಿಂದ ಮತ್ತು ಗುರುಗಳಿಂದ ಹಿತವಚನ, ಸಹಿ ಹಾಗೂ ಚಿತ್ರಗಳನ್ನು ಬರೆಸಿಕೊಳ್ಳುತ್ತಿದ್ದ ಸ್ನೇಹ ಪುಸ್ತಕಗಳು ಪ್ರಚಾರಕ್ಕೆ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮುದ್ರಿತ ಚಿತ್ರಗಳು ಅಗ್ಗವಾದಂತೆ ಅಂಟಿಸುವ ಪುಸ್ತಕಗಳು ಹೆಚ್ಚಿದವು. ಅಮೆರಿಕದ ಲೇಖಕ ಮಾರ್ಕ್ ಟ್ವೇನ್, ಪುಟದಲ್ಲಿ ಮೊದಲೇ ಅಂಟು ಲೇಪಿಸಿದ ಸ್ಕ್ರ್ಯಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದಿದ್ದನು.

ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಸಹಪಾಠಿಗಳ ಕೈಗೆ ಕೊಡುತ್ತಿದ್ದ ಆಟೋಗ್ರಾಫ್ ಪುಸ್ತಕ ಇಂತಹ ಸ್ನೇಹ ಪುಸ್ತಕವನ್ನು ಹೋಲುತ್ತದೆ. ಬಣ್ಣಬಣ್ಣದ ಹಾಳೆಗಳಲ್ಲಿ ಶುಭ ಹಾರೈಕೆ, ಅದರ ಸುತ್ತ ಪೆನ್ನಿನಲ್ಲಿ ಬಿಡಿಸಿದ ಹೂಬಳ್ಳಿಯ ಅಂಚು ಇದರ ಸಾಮಾನ್ಯ ರೂಪ. ಶಾಲೆಯ ಕಪ್ಪು ಹಲಗೆಯ ಮೂಲೆಯಲ್ಲಿ ಬಣ್ಣದ ಸೀಮೆಸುಣ್ಣದಿಂದ ಚೌಕಟ್ಟು ಹಾಕಿ ಬರೆಯುವ ದಿನದ ಸುಭಾಷಿತದಲ್ಲಿಯೂ ಪದ ಮತ್ತು ವಿನ್ಯಾಸಗಳ ಇದೇ ಜೋಡಿಯನ್ನು ಕಾಣಬಹುದು.

### ಪ್ರಸಿದ್ಧ ಉದಾಹರಣೆಗಳು

ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿ ಪುಸ್ತಕಗಳ 7,000ಕ್ಕೂ ಹೆಚ್ಚು ಪುಟಗಳು ಇಂದಿಗೂ ಉಳಿದಿವೆ. ಬಲದಿಂದ ಎಡಕ್ಕೆ ಕನ್ನಡಿ ಬಿಂಬದಂತೆ ಬರೆದ ಅಕ್ಷರಗಳು ಮತ್ತು ಚಿತ್ರಗಳು ಇವುಗಳಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.

ರವೀಂದ್ರನಾಥ ಠಾಕೂರರ ಹಸ್ತಪ್ರತಿಗಳು ಈ ವಿಷಯದಲ್ಲಿ ವಿಶೇಷ ಮಹತ್ವ ಪಡೆದಿವೆ. ಕವಿತೆಯನ್ನು ತಿದ್ದುವಾಗ ಹೊಡೆದುಹಾಕಿದ ಪದಗಳನ್ನು ಅವರು ಹಾಗೆಯೇ ಬಿಡದೆ, ಶಾಯಿಯ ರೇಖೆಗಳಿಂದ ಒಂದಕ್ಕೊಂದು ಜೋಡಿಸಿ ಹಕ್ಕಿ, ಮೃಗ ಮತ್ತು ಮುಖಗಳ ಆಕೃತಿಗಳನ್ನಾಗಿ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ತಂಗಿದ್ದಾಗ ‘ಪೂರವಿ’ ಸಂಕಲನದ ಹಸ್ತಪ್ರತಿಯಲ್ಲಿದ್ದ ಇಂತಹ ಆಕೃತಿಗಳು ಆತಿಥೇಯರಾದ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರ ಗಮನ ಸೆಳೆದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಠಾಕೂರರ ಚಿತ್ರಗಳ ಮೊದಲ ಪ್ರದರ್ಶನ ನಡೆಯಲು ಒಕಾಂಪೊ ನೆರವಾದರು. ಅರವತ್ತರ ಹರೆಯವನ್ನು ದಾಟಿದ ಮೇಲೆ ಚಿತ್ರಕಲೆಯಲ್ಲಿ ತೊಡಗಿದ ಠಾಕೂರರು 2,000ಕ್ಕೂ ಹೆಚ್ಚು ಚಿತ್ರಗಳನ್ನು ರಚಿಸಿದ್ದಾರೆ. ತಪ್ಪಿನ ಗುರುತು ವಿನ್ಯಾಸದ ಆರಂಭವಾಗಬಲ್ಲದು ಎಂಬುದಕ್ಕೆ ಈ ಹಸ್ತಪ್ರತಿಗಳು ನಿದರ್ಶನವಾಗಿವೆ.

ಮೆಕ್ಸಿಕೊದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ (1907–1954) ತಮ್ಮ ಬದುಕಿನ ಕೊನೆಯ ಸುಮಾರು ಹತ್ತು ವರ್ಷ ಬಣ್ಣದ ಶಾಯಿಯ ಚಿತ್ರ ಮತ್ತು ಬರಹಗಳಿಂದ ಕೂಡಿದ ದಿನಚರಿಯನ್ನು ಇರಿಸಿಕೊಂಡಿದ್ದರು. 1925ರ ಬಸ್ ಅಪಘಾತದಿಂದ ಉಂಟಾದ ಶಾರೀರಿಕ ನೋವು ಅವರನ್ನು ಜೀವನಪರ್ಯಂತ ಕಾಡಿತು. 1953ರಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಆ ವರ್ಷದ ಒಂದು ಪುಟದಲ್ಲಿ ದೇಹದಿಂದ ಬೇರ್ಪಟ್ಟ ಪಾದಗಳ ಚಿತ್ರವೂ ಅದರೊಂದಿಗೆ ಕೆಲವೇ ಪದಗಳೂ ಇವೆ. ಈ ದಿನಚರಿಯ ಯಥಾಪ್ರತಿ ಮುದ್ರಣ 1995ರಲ್ಲಿ ಪ್ರಕಟವಾಯಿತು.

ಲಂಡನ್ನಿನಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದ ಛಾಯಾಗ್ರಾಹಕ ಡ್ಯಾನ್ ಎಲ್ಡನ್ ಛಾಯಾಚಿತ್ರ, ಬಣ್ಣ ಮತ್ತು ಬರಹಗಳನ್ನು ಪದರ ಪದರವಾಗಿ ಸೇರಿಸಿದ ಅನೇಕ ದಿನಚರಿಗಳನ್ನು ರಚಿಸಿದ್ದರು. 1993ರಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ ವರದಿಗಾರಿಕೆಯ ಕರ್ತವ್ಯದಲ್ಲಿದ್ದಾಗ ತಮ್ಮ 22ನೆಯ ವಯಸ್ಸಿನಲ್ಲಿ ಅವರು ಹತರಾದರು. ಅವರ ದಿನಚರಿಗಳಿಂದ ಆಯ್ದ ಪುಟಗಳು 1997ರಲ್ಲಿ ಪುಸ್ತಕರೂಪದಲ್ಲಿ ಬಂದವು.

### ಇತ್ತೀಚಿನ ಬೆಳವಣಿಗೆ

ಅಮೆರಿಕದ ಕಲಾವಿದೆ ಕೊರಿಟಾ ಕೆಂಟ್ (1918–1986) 1960ರ ದಶಕದಲ್ಲಿ ಜಾಹೀರಾತು ಮತ್ತು ರಸ್ತೆ ಫಲಕಗಳಲ್ಲಿನ ಸಾಮಾನ್ಯ ಪದಗಳನ್ನು ಗಾಢ ಬಣ್ಣದ ರೇಷ್ಮೆಪರದೆ ಮುದ್ರಣಗಳಲ್ಲಿ ಬಳಸಿ ಹೊಸ ಅರ್ಥ ನೀಡಿದರು. ಪದವನ್ನೇ ಪುಟದ ಕೇಂದ್ರವಾಗಿಸುವ ಇಂದಿನ ಶೈಲಿಗೆ ಅವರ ಕೃತಿಗಳು ಸಮೀಪವಾಗಿವೆ.

2000ದ ನಂತರ ಕಲಾ ದಿನಚರಿಯ ಹವ್ಯಾಸ ವ್ಯಾಪಕವಾಯಿತು. ಪತ್ನಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಬಳಿಕ ಪ್ರತಿದಿನ ಚಿತ್ರ ಬಿಡಿಸಲಾರಂಭಿಸಿದ ನ್ಯೂಯಾರ್ಕಿನ ಡ್ಯಾನಿ ಗ್ರೆಗರಿ ಅವರ ‘ಎವ್ರಿಡೇ ಮ್ಯಾಟರ್ಸ್’ 2003ರಲ್ಲಿ ಪ್ರಕಟವಾಯಿತು. ಇದೇ ಕಾಲದಲ್ಲಿ ರಿಕ್ ರಾಬರ್ಟ್ಸ್ ಮತ್ತು ಅಕ್ಷರ ಕಲಾವಿದೆ ಮರಿಯಾ ಥಾಮಸ್ ಅಮೆರಿಕದಲ್ಲಿ ಝೆನ್‌ಟ್ಯಾಂಗಲ್ ಎಂಬ ವಿನ್ಯಾಸ ಪದ್ಧತಿಯನ್ನು ರೂಪಿಸಿದರು. 2007ರಲ್ಲಿ ಬಂದ ಕೆರಿ ಸ್ಮಿತ್ ಅವರ ‘ರೆಕ್ ದಿಸ್ ಜರ್ನಲ್’ ಪುಟವನ್ನು ಹರಿಯಲು, ಗೀಚಲು, ಕಲೆ ಮಾಡಲು ಓದುಗರನ್ನೇ ಪ್ರೇರೇಪಿಸಿತು. ಪುಟ ಹಾಳಾದೀತು ಎಂಬ ಹಿಂಜರಿಕೆಯನ್ನು ಹೋಗಲಾಡಿಸುವ ಗುರಿ ಇದರ ಹಿಂದಿತ್ತು.

## ಸಾಮಗ್ರಿಗಳು

ಒಂದು ಪುಸ್ತಕ, ಒಂದು ಪೆನ್ಸಿಲ್ ಮತ್ತು ಒಂದು ಕಪ್ಪು ಪೆನ್ನು ಆರಂಭಕ್ಕೆ ಸಾಕಾಗುತ್ತವೆ. ಉಳಿದ ಸಾಮಗ್ರಿಗಳ ಆಯ್ಕೆ ಕಾಗದದ ಗುಣವನ್ನು ಅವಲಂಬಿಸಿದೆ.

ಕಾಗದದ ದಪ್ಪವನ್ನು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕದಲ್ಲಿ, ಅಂದರೆ ಜಿಎಸ್ಎಂನಲ್ಲಿ, ಸೂಚಿಸಲಾಗುತ್ತದೆ. ಮುದ್ರಣ ಯಂತ್ರಗಳಿಗೆ ಬಳಸುವ ಸಾಮಾನ್ಯ ಎ4 ಹಾಳೆ 70ರಿಂದ 80 ಜಿಎಸ್ಎಂ ಇರುತ್ತದೆ. ಇದರ ಮೇಲೆ ನೀರುಬಣ್ಣ ಬಳಸಿದರೆ ಹಾಳೆ ಸುಕ್ಕುಗಟ್ಟಿ ಹಿಂಬದಿಗೆ ಬಣ್ಣ ಇಳಿಯುತ್ತದೆ. ಪೆನ್ನು ಮತ್ತು ಬಣ್ಣದ ಪೆನ್ಸಿಲ್ಲುಗಳಿಗೆ 100 ಜಿಎಸ್ಎಂ ಮೇಲ್ಪಟ್ಟ ಹಾಳೆಯೂ ನೀರುಬಣ್ಣಕ್ಕೆ 300 ಜಿಎಸ್ಎಂ ಹಾಳೆಯೂ ಅನುಕೂಲ. ತೆಳು ಹಾಳೆಯ ಪುಸ್ತಕವೇ ಕೈಯಲ್ಲಿದ್ದರೆ ಎರಡು ಹಾಳೆಗಳನ್ನು ಅಂಟಿಸಿ ಒಂದಾಗಿಸಬಹುದು, ಅಥವಾ ಗೆಸ್ಸೊ ಎಂಬ ಬಿಳಿ ಲೇಪನವನ್ನು ತೆಳ್ಳಗೆ ಹಚ್ಚಿ ಒಣಗಿಸಬಹುದು. 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರದ ಎ5 ಅಳತೆಯ ಪುಸ್ತಕ ಒಯ್ಯಲು ಸುಲಭ. ಒಂದೇ ಸಲಕ್ಕೆ ತುಂಬಿಸಲು ಇದರ ಪುಟ ಅತಿ ದೊಡ್ಡದೂ ಅಲ್ಲ.

ಪೆನ್ನಿನ ಶಾಯಿಯಲ್ಲಿ ಎರಡು ಬಗೆಗಳಿವೆ. ವರ್ಣದ್ರವ್ಯದ ಕಣಗಳಿರುವ ಶಾಯಿ ಒಣಗಿದ ಮೇಲೆ ನೀರಿಗೆ ಕದಡುವುದಿಲ್ಲ ಮತ್ತು ಬೆಳಕಿಗೆ ಬೇಗ ಮಾಸುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣದಿಂದ ತಯಾರಾದ ಶಾಯಿ ಹಸಿ ಕುಂಚ ತಾಗಿದರೆ ಹರಡುತ್ತದೆ. ಆದ್ದರಿಂದ ರೇಖೆಯ ಮೇಲೆ ನೀರುಬಣ್ಣ ಹಚ್ಚುವವರು ಮೊದಲ ಬಗೆಯನ್ನು ಆರಿಸಿಕೊಳ್ಳುತ್ತಾರೆ. ಯಾವ ಪೆನ್ನು ಹರಡುತ್ತದೆ ಎಂಬುದನ್ನು ತಿಳಿಯಲು ಪುಸ್ತಕದ ಕೊನೆಯ ಪುಟದಲ್ಲಿ ಗೆರೆಗಳನ್ನೆಳೆದು, ಒಣಗಿದ ಬಳಿಕ ಒದ್ದೆ ಕುಂಚ ಆಡಿಸಿ ನೋಡುವುದು ರೂಢಿ. ಕಡು ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಜೆಲ್ ಪೆನ್ನಿನ ಚುಕ್ಕಿಗಳು ಎದ್ದು ಕಾಣುತ್ತವೆ.

## ಸರಳ ವಿನ್ಯಾಸಗಳು

ವಿನ್ಯಾಸವೆಂದರೆ ಒಂದು ಘಟಕದ ಕ್ರಮಬದ್ಧ ಪುನರಾವರ್ತನೆ. ಘಟಕ ಚಿಕ್ಕದಾಗಿರುವುದರಿಂದ ಒಂದು ಗುರುತು ಓರೆಯಾದರೂ ಇಡೀ ರಚನೆಗೆ ಧಕ್ಕೆಯಾಗದು. ಕಲಾ ದಿನಚರಿಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಕೆಲವು ವಿನ್ಯಾಸಗಳು ಹೀಗಿವೆ:

- ಚುಕ್ಕಿಗಳು: ಒಂದು ಅಂಚಿನಲ್ಲಿ ಒತ್ತಾಗಿ ಆರಂಭಿಸಿ ದೂರ ಹೋದಂತೆ ವಿರಳವಾಗಿಸಿದರೆ ಕಪ್ಪು ಶಾಯಿಯೊಂದರಿಂದಲೇ ನೆರಳು ಬೆಳಕಿನ ಭಾವ ಮೂಡುತ್ತದೆ.
- ಸಮಾಂತರ ಗೆರೆಗಳು: ಪುಟವನ್ನು ಭಾಗಗಳಾಗಿ ವಿಂಗಡಿಸಿ ಪ್ರತಿ ಭಾಗದಲ್ಲಿ ಗೆರೆಯ ದಿಕ್ಕನ್ನು ಬದಲಿಸಲಾಗುತ್ತದೆ.
- ಚೌಕುಳಿ: ಅಡ್ಡ ಮತ್ತು ಉದ್ದ ಗೆರೆಗಳಿಂದ ಮನೆಗಳನ್ನು ಮಾಡಿ, ಒಂದು ಬಿಟ್ಟು ಒಂದನ್ನು ಕಪ್ಪಾಗಿಸುವುದು.
- ಮೀನಿನ ಹುರುಪೆ: ಮೊದಲ ಸಾಲಿನಲ್ಲಿ ಅರ್ಧವೃತ್ತಗಳನ್ನು ಒತ್ತಾಗಿ ಬಿಡಿಸಬೇಕು. ಎರಡನೆಯ ಸಾಲಿನ ಪ್ರತಿ ಅರ್ಧವೃತ್ತವು ಮೇಲಿನ ಎರಡು ಅರ್ಧವೃತ್ತಗಳು ಕೂಡುವ ಬಿಂದುವಿನ ಕೆಳಗೆ ಬರಬೇಕು.
- ಅಲೆ: ಮೊದಲ ಅಲೆಯನ್ನು ಹೇಗೆ ಬೇಕಾದರೂ ಎಳೆದು, ಮುಂದಿನ ಪ್ರತಿ ಗೆರೆಯೂ ಹಿಂದಿನದನ್ನು ಅನುಸರಿಸುವಂತೆ ಬಿಡಿಸುವುದು.
- ಬಳ್ಳಿ: ಬಾಗಿದ ಒಂದು ಗೆರೆಯ ಎರಡೂ ಬದಿಗೆ ಎಲೆಗಳನ್ನು ಸರದಿಯಂತೆ ಜೋಡಿಸುವುದು. ಅಂಚಿನ ಅಲಂಕಾರಕ್ಕೆ ಇದು ಹೆಚ್ಚು ಬಳಕೆಯಲ್ಲಿದೆ.
- ಏಕಕೇಂದ್ರ ವೃತ್ತಗಳು: ಬಳೆ ಅಥವಾ ಮುಚ್ಚಳದ ಸಹಾಯದಿಂದ ವೃತ್ತ ಬಿಡಿಸಿ, ಒಳಗೆ ಚಿಕ್ಕದಾಗುತ್ತ ಹೋಗುವ ವೃತ್ತಗಳ ನಡುವಿನ ಪಟ್ಟಿಗಳಲ್ಲಿ ಬೇರೆ ಬೇರೆ ವಿನ್ಯಾಸ ತುಂಬುವುದು.

ಝೆನ್‌ಟ್ಯಾಂಗಲ್ ಪದ್ಧತಿಯಲ್ಲಿ 3.5 ಅಂಗುಲದ ಚೌಕಾಕಾರದ ದಪ್ಪ ಕಾಗದವನ್ನು ಬಳಸಲಾಗುತ್ತದೆ. ಪೆನ್ಸಿಲ್ಲಿನಿಂದ ಎಳೆದ ಸಡಿಲವಾದ ಗೆರೆಯೊಂದು ಅದನ್ನು ಭಾಗಗಳಾಗಿ ಮಾಡುತ್ತದೆ. ಪ್ರತಿ ಭಾಗವನ್ನೂ ಪೆನ್ನಿನ ವಿನ್ಯಾಸದಿಂದ ತುಂಬಲಾಗುತ್ತದೆ. ಈ ಪದ್ಧತಿಯಲ್ಲಿ ಅಳಿಸುವ ರಬ್ಬರಿಗೆ ಸ್ಥಾನವಿಲ್ಲ. ಪುಟವನ್ನು ಮೊದಲು ಚಿಕ್ಕ ಭಾಗಗಳಾಗಿ ಒಡೆಯುವ ಕ್ರಮವನ್ನು ಕಲಾ ದಿನಚರಿ ಬರೆಯುವವರು ಸ್ವತಂತ್ರವಾಗಿಯೂ ಅನುಸರಿಸುತ್ತಾರೆ. ದೊಡ್ಡ ಖಾಲಿ ಪುಟದ ಮುಂದೆ ಕೈ ಹಿಂಜರಿದರೂ ಎರಡು ಬೆರಳಗಲದ ಮನೆಯೊಂದನ್ನು ತುಂಬಲು ಅದು ಹಿಂಜರಿಯುವುದಿಲ್ಲ.

### ಕರ್ನಾಟಕದ ವಿನ್ಯಾಸ ಪರಂಪರೆ

ಕನ್ನಡ ನಾಡಿನ ಮನೆಯಂಗಳದ ರಂಗೋಲಿ ಇದೇ ತತ್ತ್ವದ ಮೇಲೆ ನಿಂತಿದೆ. ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿಗಳನ್ನು ನೇರ ಸಾಲುಗಳಲ್ಲಿ ಅಥವಾ ಸಂದಿನಲ್ಲಿ ಬರುವಂತೆ ಇಟ್ಟು, ಬಳಿಕ ಅವುಗಳನ್ನು ಸೇರಿಸುವ ಅಥವಾ ಬಳಸಿ ಹೋಗುವ ಎಳೆಗಳನ್ನು ಎಳೆಯಲಾಗುತ್ತದೆ. ಅನೇಕ ಮನೆಗಳಲ್ಲಿ ಮಹಿಳೆಯರು ಚುಕ್ಕಿಗಳ ಲೆಕ್ಕದೊಂದಿಗೆ ಇಂತಹ ವಿನ್ಯಾಸಗಳನ್ನು ನೋಟ್ ಪುಸ್ತಕದಲ್ಲಿ ಬಿಡಿಸಿಟ್ಟುಕೊಳ್ಳುವ ರೂಢಿಯಿದೆ. ಅಂಗಳದ ರಂಗೋಲಿ ಮರುದಿನ ಅಳಿಸಿಹೋದರೂ ಪುಸ್ತಕದಲ್ಲಿನ ರೂಪ ಮುಂದಿನ ತಲೆಮಾರಿಗೆ ಉಳಿಯುತ್ತದೆ.

ಧಾರವಾಡ ಭಾಗದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಹೊಲಿಗೆ ಹಾಕಲಾಗುತ್ತದೆ. ಗವಂತಿ, ಮುರ್ಗಿ, ನೇಯ್ಗೆ ಮತ್ತು ಮೆಂತೆ ಇದರ ನಾಲ್ಕು ಮುಖ್ಯ ಹೊಲಿಗೆಗಳು. ಎಣಿಕೆಯನ್ನು ಆಧರಿಸಿದ ಕಲೆಯಾದ್ದರಿಂದ ಕಸೂತಿಯ ಗೋಪುರ, ತೇರು, ನವಿಲು ಮುಂತಾದ ಆಕೃತಿಗಳನ್ನು ಚೌಕುಳಿ ಹಾಳೆಗೆ ಸುಲಭವಾಗಿ ಇಳಿಸಬಹುದು. ಶಿವಮೊಗ್ಗ ಜಿಲ್ಲೆಯ ದೀವರು ಸಮುದಾಯದ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿ ಬಣ್ಣದಿಂದ ಸೂಕ್ಷ್ಮವಾದ ನೇರ ಗೆರೆಗಳನ್ನು ಎಳೆಯಲಾಗುತ್ತದೆ. ಕಂದು ಕಾಗದದ ಮೇಲೆ ಬಿಳಿ ಪೆನ್ನಿನಿಂದ ಬಿಡಿಸಿದ ಅಂಚುಗಳಿಗೆ ಇದು ಮಾದರಿಯಾಗಬಲ್ಲದು. ಇವು ಸಮುದಾಯಗಳ ಆಚರಣೆಗಳೊಂದಿಗೆ ಬೆಸೆದ ಕಲೆಗಳಾದ್ದರಿಂದ ಬಳಸಿದ ವಿನ್ಯಾಸದ ಹೆಸರು ಮತ್ತು ಊರನ್ನು ಪುಟದ ಮೂಲೆಯಲ್ಲಿ ದಾಖಲಿಸುವುದು ಉಚಿತ.

## ಪದಗಳು

### ಆಯ್ಕೆ

ಸ್ಫೂರ್ತಿದಾಯಕ ಪದವು ಗಾದೆ, ಹಿರಿಯರ ಮಾತು, ಪತ್ರದ ಸಾಲು ಅಥವಾ ಬರೆಯುವವರದೇ ಒಂದು ಪದವಾಗಿರಬಹುದು. ಬಹುತೇಕ ಪುಟಗಳಲ್ಲಿ ಒಂದರಿಂದ ಐದು ಪದಗಳಷ್ಟೇ ಇರುತ್ತವೆ. ‘ಬೆಳಕು’, ‘ನಿಧಾನ’, ‘ಇನ್ನೊಮ್ಮೆ’, ‘ಇಂದಿಗೆ ಇಷ್ಟು ಸಾಕು’ ಇಂತಹ ಮಾತುಗಳು ಇದಕ್ಕೆ ಒಪ್ಪುತ್ತವೆ.

ಪದ ಪ್ರೋತ್ಸಾಹದಾಯಕವಾಗಿದ್ದ ಮಾತ್ರಕ್ಕೆ ಅದು ಎಲ್ಲರಿಗೂ ಹಿತವಾಗುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋನ್ ವುಡ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂಬ ಅರ್ಥದ ವಾಕ್ಯವನ್ನು ಮನಸ್ಸಿನಲ್ಲಿ ಪುನರಾವರ್ತಿಸಲು ಸೂಚಿಸಲಾಯಿತು. ಸ್ವಾಭಿಮಾನ ಹೆಚ್ಚಾಗಿದ್ದವರಿಗೆ ಇದರಿಂದ ಅಲ್ಪ ಪ್ರಯೋಜನವಾಯಿತು. ಸ್ವಾಭಿಮಾನ ಕಡಿಮೆಯಿದ್ದವರ ಮನಸ್ಸು ಮಾತ್ರ ಹಾಗೆ ಮಾಡದವರಿಗಿಂತ ಕುಗ್ಗಿತು. ತಮ್ಮ ಅನುಭವಕ್ಕೆ ದೂರವಾದ ಹೊಗಳಿಕೆಯ ಮಾತು, ಅದಕ್ಕೆ ವಿರುದ್ಧವಾದ ನೆನಪುಗಳನ್ನೇ ಎಬ್ಬಿಸಬಹುದು ಎಂಬುದು ಸಂಶೋಧಕರು ನೀಡಿದ ವಿವರಣೆ.

ಇದರಿಂದ ದಿನಚರಿ ಬರೆಯುವವರಿಗೆ ಒಂದು ಉಪಯುಕ್ತ ಸೂಚನೆ ದೊರೆಯುತ್ತದೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ವಿದ್ಯಾರ್ಥಿಯ ಪುಟದಲ್ಲಿ ‘ನಾನು ಎಲ್ಲವನ್ನೂ ಸಾಧಿಸಬಲ್ಲೆ’ ಎಂಬ ಮಾತು ಪೊಳ್ಳೆನಿಸಬಹುದು; ‘ನಾಳೆ ಮೊದಲ ಪಾಠ’ ಎಂಬುದು ನಿಜವೂ ಸಾಧ್ಯವೂ ಆದ ಮಾತು. ಘೋಷಣೆಗಿಂತ ಮುಂದಿನ ಸಣ್ಣ ಹೆಜ್ಜೆಯನ್ನು ಹೇಳುವ ಪದ, ಬರೆಯುವವರು ಯಾವುದೇ ಸಂಕೋಚವಿಲ್ಲದೆ ಗಟ್ಟಿಯಾಗಿ ಓದಬಲ್ಲ ಪದ, ಪುಟಕ್ಕೆ ಹೆಚ್ಚು ಸೂಕ್ತ. ದುಃಖ ಅಥವಾ ಕೋಪವನ್ನು ಹೆಸರಿಸುವ ಪದಕ್ಕೂ ಇಲ್ಲಿ ಸ್ಥಾನವಿದೆ. ಕಾಹ್ಲೊ ಅವರ ದಿನಚರಿಯಲ್ಲಿ ನೋವಿನ ಮಾತುಗಳೂ ಹುರುಪಿನ ಮಾತುಗಳೂ ಒಟ್ಟಿಗೇ ಇವೆ.

### ಅಕ್ಷರ ರಚನೆ

ಕನ್ನಡ ಲಿಪಿಯ ದುಂಡನೆಯ ಆಕಾರಗಳು ಅಲಂಕಾರಕ್ಕೆ ಒಗ್ಗುತ್ತವೆ. ಆದರೆ ಲ್ಯಾಟಿನ್ ಲಿಪಿಗಾಗಿ ಸಿದ್ಧಪಡಿಸಿದ ಅಭ್ಯಾಸ ಹಾಳೆಗಳು ಕನ್ನಡಕ್ಕೆ ಹೊಂದುವುದಿಲ್ಲ. ಕನ್ನಡದಲ್ಲಿ ತಲೆಕಟ್ಟು ಮತ್ತು ಗುಣಿತಾಕ್ಷರಗಳ ಚಿಹ್ನೆಗಳು ಮೇಲೆ ಹಾಗೂ ಬದಿಯಲ್ಲಿ ಬಂದರೆ, ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ‘ಬೆಳಕು’ ಎಂಬ ಪದ ಒಂದೇ ಸಾಲಿನ ಎತ್ತರದಲ್ಲಿ ಕುಳಿತುಕೊಳ್ಳುತ್ತದೆ. ‘ನೆಮ್ಮದಿ’ ಅಥವಾ ‘ಸ್ಫೂರ್ತಿ’ ಎಂದು ಬರೆಯಲು ಕೆಳಗೆ ಇಲ್ಲವೇ ಬದಿಯಲ್ಲಿ ಹೆಚ್ಚಿನ ಜಾಗ ಬೇಕು. ಆದ್ದರಿಂದ ಪೆನ್ಸಿಲ್ಲಿನಿಂದ ಮೂರು ಅಡ್ಡಗೆರೆಗಳನ್ನು ಎಳೆದು, ಮೇಲಿನ ಎರಡರ ನಡುವೆ ಮುಖ್ಯ ಅಕ್ಷರವನ್ನೂ ಕೆಳಗಿನ ಪಟ್ಟಿಯಲ್ಲಿ ಒತ್ತಕ್ಷರವನ್ನೂ ಬರೆಯುವುದು ಅನುಕೂಲ.

ಅಕ್ಷರವನ್ನು ಅಲಂಕರಿಸಲು ಮೂರು ಸರಳ ವಿಧಾನಗಳಿವೆ. ಮೊದಲನೆಯದು, ಸಾಮಾನ್ಯ ಪೆನ್ನಿನಿಂದ ಬರೆದು, ಪೆನ್ನು ಕೆಳಮುಖವಾಗಿ ಚಲಿಸಿದ ಭಾಗಗಳಿಗೆ ಇನ್ನೊಂದು ಗೆರೆ ಸೇರಿಸಿ ದಪ್ಪಗೊಳಿಸುವುದು. ಎರಡನೆಯದು, ಅಕ್ಷರದ ಹೊರರೇಖೆಯನ್ನು ಮಾತ್ರ ಬಿಡಿಸಿ ಒಳಗೆ ಚುಕ್ಕಿ ಅಥವಾ ಗೆರೆಗಳನ್ನು ತುಂಬುವುದು. ಮೂರನೆಯದು, ಅಕ್ಷರವನ್ನು ಖಾಲಿ ಬಿಟ್ಟು ಅದರ ಸುತ್ತಲಿನ ಜಾಗವನ್ನು ವಿನ್ಯಾಸದಿಂದ ತುಂಬುವುದು. ಮೂರನೆಯ ವಿಧಾನದಲ್ಲಿ ಪದವು ಬರೆಯದೆಯೇ ಮೂಡಿದಂತೆ ಕಾಣುತ್ತದೆ. ಯಾವ ವಿಧಾನದಲ್ಲಿಯೂ ‘ಪ’, ‘ವ’, ‘ಮ’ ಅಥವಾ ‘ಥ’, ‘ಧ’ಗಳಂತಹ ಹೋಲುವ ಅಕ್ಷರಗಳ ವ್ಯತ್ಯಾಸ ಅಲಂಕಾರದಲ್ಲಿ ಮರೆಯಾಗದಂತೆ ನೋಡಿಕೊಳ್ಳಬೇಕಾಗುತ್ತದೆ.

## ಪುಟದ ರಚನೆ

ಪುಟವನ್ನು ರಚಿಸುವ ಒಂದು ಸಾಮಾನ್ಯ ಕ್ರಮ ಹೀಗಿದೆ:

1. ಹಾಳೆಯ ಮೇಲೆ ತಿಳಿ ಬಣ್ಣದ ಹಿನ್ನೆಲೆ ಹಚ್ಚಿ ಒಣಗಲು ಬಿಡುವುದು. ಪುಟವು ಪೂರ್ಣ ಬಿಳಿಯಾಗಿ ಉಳಿಯದಿರುವುದರಿಂದ ಆರಂಭದ ಅಳುಕು ಕಡಿಮೆಯಾಗುತ್ತದೆ.
2. ಪದದ ಸ್ಥಾನವನ್ನು ಪೆನ್ಸಿಲ್ಲಿನಿಂದ ಗುರುತಿಸುವುದು. ಅಕ್ಷರಗಳನ್ನು ಎಣಿಸಿ ನಡುವಿನಿಂದ ಎರಡೂ ಬದಿಗೆ ಹಂಚಿದರೆ ಪದ ಅಂಚಿನಲ್ಲಿ ಮುದುಡುವುದಿಲ್ಲ.
3. ಉಳಿದ ಜಾಗವನ್ನು ಮೂರು ಅಥವಾ ನಾಲ್ಕು ಭಾಗಗಳಾಗಿ ಮಾಡುವುದು.
4. ಪ್ರತಿ ಭಾಗಕ್ಕೂ ಒಂದೊಂದು ವಿನ್ಯಾಸವನ್ನು ತುಂಬುವುದು. ಒತ್ತಾದ ವಿನ್ಯಾಸದ ಪಕ್ಕದಲ್ಲಿ ವಿರಳವಾದುದನ್ನು ಇಟ್ಟರೆ ಎರಡೂ ಸ್ಪಷ್ಟವಾಗುತ್ತವೆ.
5. ಪದವನ್ನು ಶಾಯಿಯಲ್ಲಿ ಬರೆದು, ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಗೆರೆಗಳನ್ನು ಅಳಿಸುವುದು.
6. ಮೂಲೆಯಲ್ಲಿ ದಿನಾಂಕ ನಮೂದಿಸುವುದು.

ಪದದ ಸುತ್ತ ಸ್ವಲ್ಪ ಖಾಲಿ ಜಾಗ ಬಿಡುವುದು ಅಗತ್ಯ. ವಿನ್ಯಾಸ ಅಕ್ಷರಕ್ಕೆ ತಾಗಿಕೊಂಡಿದ್ದರೆ ಓದಲು ಕಷ್ಟವಾಗುತ್ತದೆ. ಒಂದೇ ಪುಟದಲ್ಲಿ ಎರಡು ಅಥವಾ ಮೂರು ಬಣ್ಣಗಳಿಗೆ ಮಿತಗೊಳಿಸಿದರೆ ಪದ ಮತ್ತು ವಿನ್ಯಾಸಗಳ ನಡುವೆ ಪೈಪೋಟಿ ಉಂಟಾಗದು. ತಪ್ಪಾದ ಗೆರೆಯನ್ನು ದಪ್ಪಗೊಳಿಸಿ ಅಂಚಾಗಿಸಬಹುದು, ಅದನ್ನು ಪುನರಾವರ್ತಿಸಿ ವಿನ್ಯಾಸವಾಗಿಸಬಹುದು, ಅಥವಾ ಮೇಲೆ ಕಾಗದದ ತುಣುಕನ್ನು ಅಂಟಿಸಬಹುದು. ಹಾಳೆಯನ್ನು ಹರಿದು ತೆಗೆಯುವುದು ಅಪರೂಪ. ಹೊಲಿಗೆಯ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ.

## ಅಧ್ಯಯನಗಳು

ಗೀಚುವುದು ಮತ್ತು ಬರೆಯುವುದರ ಪರಿಣಾಮಗಳ ಬಗ್ಗೆ ಕೆಲವು ಅಧ್ಯಯನಗಳು ನಡೆದಿವೆ. ಬ್ರಿಟನ್ನಿನ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿ ನೀರಸವಾದ ದೂರವಾಣಿ ಸಂದೇಶವೊಂದನ್ನು ಆಲಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಆಲಿಸುತ್ತಲೇ ಕಾಗದದಲ್ಲಿನ ಆಕಾರಗಳಿಗೆ ಪೆನ್ಸಿಲ್ಲಿನಿಂದ ಛಾಯೆ ತುಂಬಿದರು. ನಂತರ ನಡೆಸಿದ ನೆನಪಿನ ಪರೀಕ್ಷೆಯಲ್ಲಿ ಛಾಯೆ ತುಂಬಿದವರು ಉಳಿದವರಿಗಿಂತ ಶೇ. 29ರಷ್ಟು ಹೆಚ್ಚು ವಿವರಗಳನ್ನು ನೆನಪಿಸಿಕೊಂಡರು.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ವಯಸ್ಕರ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. 45 ನಿಮಿಷಗಳ ಕಲಾ ಚಟುವಟಿಕೆಯ ಬಳಿಕ ಸುಮಾರು ಶೇ. 75ರಷ್ಟು ಮಂದಿಯಲ್ಲಿ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಹಾರ್ಮೋನಿನ ಪ್ರಮಾಣ ಇಳಿದಿತ್ತು. ಕಲೆಯಲ್ಲಿ ಪೂರ್ವಾನುಭವ ಇದ್ದವರು ಮತ್ತು ಇಲ್ಲದವರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಭಾಗವಹಿಸಿದವರ ಸಂಖ್ಯೆ ಚಿಕ್ಕದು ಮತ್ತು ಹೋಲಿಕೆಗಾಗಿ ಕಲಾ ಚಟುವಟಿಕೆಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ ಎಂಬುದು ಈ ಅಧ್ಯಯನದ ಮಿತಿಯಾಗಿದೆ.

ಬರಹದ ವಿಷಯದಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಸಂಶೋಧನೆ ಹೆಸರಾಗಿದೆ. ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವಗಳನ್ನೂ ಅವುಗಳ ಕುರಿತ ಭಾವನೆಗಳನ್ನೂ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ತಕ್ಷಣ ಮಾತ್ರ ಅವರ ಮನಸ್ಸು ಭಾರವಾಗಿತ್ತು. ಆದಕಾರಣ ಪುಟ ತುಂಬಿಸಿದ ಮೇಲೂ ಬೇಸರ ಉಳಿದರೆ ಅದು ಪ್ರಯತ್ನದ ಸೋಲಲ್ಲ.

ತರಬೇತಿ ಪಡೆದ ಚಿಕಿತ್ಸಕರ ಮಾರ್ಗದರ್ಶನದಲ್ಲಿ ನಡೆಯುವ ಕಲಾ ಚಿಕಿತ್ಸೆಯೇ ಬೇರೆ, ಮನೆಯಲ್ಲಿ ಇರಿಸಿಕೊಳ್ಳುವ ಕಲಾ ದಿನಚರಿಯೇ ಬೇರೆ. ಖಿನ್ನತೆ ಅಥವಾ ತೀವ್ರ ಆತಂಕದಿಂದ ಬಳಲುವವರಿಗೆ ದಿನಚರಿಯು ವೈದ್ಯಕೀಯ ನೆರವಿನ ಬದಲಿಯಾಗುವುದಿಲ್ಲ.

## ಖಾಸಗಿತನ ಮತ್ತು ಹಕ್ಕುಸ್ವಾಮ್ಯ

ಸಾಮಾಜಿಕ ಜಾಲತಾಣಗಳಲ್ಲಿ ಅಲಂಕೃತ ಪುಟಗಳ ಚಿತ್ರಗಳನ್ನು ಹಂಚಿಕೊಳ್ಳುವುದು ಇಂದು ಸಾಮಾನ್ಯವಾಗಿದೆ. ಇದರಿಂದ ಹೊಸಬರಿಗೆ ಮಾದರಿಗಳು ದೊರೆಯುತ್ತವೆ. ಇತರರು ನೋಡುವರೆಂಬ ಅರಿವು ಪುಟದ ಸ್ವರೂಪವನ್ನೂ ಬದಲಿಸುತ್ತದೆ. ಬರೆಯುವವರು ತಮಗೆ ಅಗತ್ಯವಾದ ಪದದ ಬದಲು ಮೆಚ್ಚುಗೆ ಗಳಿಸುವ ಪದವನ್ನು ಆರಿಸುವ ಸಾಧ್ಯತೆಯಿದೆ. ತೀರ ಖಾಸಗಿ ವಿಷಯವನ್ನು ಬರೆದು, ಅದರ ಮೇಲೆ ಬಣ್ಣ ಅಥವಾ ಒತ್ತಾದ ವಿನ್ಯಾಸವನ್ನು ಹಚ್ಚಿ ಓದಲಾಗದಂತೆ ಮಾಡುವ ಕ್ರಮವೂ ಬಳಕೆಯಲ್ಲಿದೆ. ಬರೆದ ಮಾತು ಪುಟದಲ್ಲಿಯೇ ಉಳಿಯುತ್ತದೆ, ಆದರೆ ಬರೆದವರಿಗೆ ಮಾತ್ರ ತಿಳಿದಿರುತ್ತದೆ. ಶಾಲೆಗಳಲ್ಲಿ ಇಂತಹ ದಿನಚರಿಯನ್ನು ಬರೆಸುವಾಗ ಅದಕ್ಕೆ ಅಂಕ ನೀಡದಿರುವುದು ಮತ್ತು ಅನುಮತಿಯಿಲ್ಲದೆ ಓದದಿರುವುದು ಮಕ್ಕಳ ವಿಶ್ವಾಸವನ್ನು ಉಳಿಸುತ್ತದೆ.

ಬೇರೆಯವರ ಕವಿತೆ ಅಥವಾ ಹಾಡಿನ ಸಾಲುಗಳನ್ನು ಸ್ವಂತ ಪುಸ್ತಕದಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯು ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ನೀಡುತ್ತದೆ. ಅಂತಹ ಪುಟವನ್ನು ಮುದ್ರಿಸಿ ಮಾರುವುದಾದರೆ ಹಕ್ಕುದಾರರ ಅನುಮತಿ ಬೇಕಾಗಬಹುದು. ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಕೃತಿಗಳ ಹಕ್ಕುಸ್ವಾಮ್ಯವು ಅವರ ಮರಣದ ನಂತರ 60 ವರ್ಷಗಳವರೆಗೆ ಇರುತ್ತದೆ.

## ಸಂರಕ್ಷಣೆ

ಕಾಗದದಲ್ಲಿ ಆಮ್ಲದ ಅಂಶವಿದ್ದರೆ ಅದು ಕಾಲಕ್ರಮೇಣ ಹಳದಿಯಾಗಿ ಪುಡಿಯಾಗುತ್ತದೆ. ವೃತ್ತಪತ್ರಿಕೆಯ ತುಣುಕುಗಳು ಬೇಗ ಹಳದಿಯಾಗುವುದಲ್ಲದೆ ಎದುರಿನ ಪುಟಕ್ಕೂ ಕಲೆ ಮಾಡುತ್ತವೆ. ಮೂಲದ ಬದಲು ಆಮ್ಲರಹಿತ ಕಾಗದದ ಮೇಲೆ ತೆಗೆದ ಪ್ರತಿಯನ್ನು ಅಂಟಿಸುವುದು ಲೇಸು. ಮೈದಾ ಹಿಟ್ಟಿನ ಅಂಟು ಜಿರಳೆ ಮತ್ತು ಬೆಳ್ಳಿಮೀನು ಹುಳುಗಳನ್ನು ಆಕರ್ಷಿಸುತ್ತದೆ. ಎಲೆ ಮತ್ತು ಹೂಗಳನ್ನು ಪೂರ್ಣ ಒಣಗಿಸದೆ ಅಂಟಿಸಿದರೆ ಬೂಷ್ಟು ಬರುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕವನ್ನು ಗೋಡೆಗೆ ತಾಗದಂತೆ, ಗಾಳಿಯಾಡುವ ಒಣ ಸ್ಥಳದಲ್ಲಿ ಇರಿಸಬೇಕಾಗುತ್ತದೆ. ಅಂಟಿಸಿದ ತುಣುಕುಗಳಿಂದ ಪುಸ್ತಕ ಉಬ್ಬುವುದರಿಂದ ನಡುನಡುವೆ ಕೆಲವು ಹಾಳೆಗಳನ್ನು ಮೊದಲೇ ಕತ್ತರಿಸಿ ತೆಗೆದು ಬೆನ್ನಿನ ಬಳಿ ಜಾಗ ಮಾಡಿಕೊಳ್ಳುವವರೂ ಇದ್ದಾರೆ. ಇದಕ್ಕಾಗಿ ಬೆನ್ನಿನಿಂದ ಒಂದು ಬೆರಳಿನಷ್ಟು ಅಂಚನ್ನು ಉಳಿಸಿ ಕತ್ತರಿಸಿದರೆ ಹೊಲಿಗೆ ಸಡಿಲವಾಗುವುದಿಲ್ಲ.

## ಇವನ್ನೂ ನೋಡಿ

- ರಂಗೋಲಿ
- ಕಸೂತಿ
- ಹಸೆ ಚಿತ್ತಾರ
- ದಿನಚರಿ
- ಕನ್ನಡ ಲಿಪಿ